ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ

ಪ್ರಶ್ನೆ: ಮೇಡಂ, ನಾವು ಬೆಂಗಳೂರಿನವರು. ಮನೆಯಲ್ಲಿ ಐದು ಜನ: ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು, ನನ್ನ ಅಪ್ಪ, ಅಮ್ಮ. ಆಗಸ್ಟ್ 15ರ ಆಸುಪಾಸಿನ ರಜೆಗೆ ಸಕಲೇಶಪುರಕ್ಕೆ ಹೋಗೋಣ ಅಂದುಕೊಂಡಿದ್ದೆವು. ಮಗಳು ಶಾಲೆಯ ಪರಿಸರ ಪಾಠ ಕೇಳಿಕೊಂಡು ಬಂದು, ‘ನಮ್ಮಂಥವರು ಹೋಗಿ ಹೋಗಿಯೇ ಕಾಡು ಹಾಳಾಗಿದ್ದು ಅಲ್ವಾ ಅಪ್ಪ?’ ಎಂದಳು. ನನಗೆ ಉತ್ತರ ತಿಳಿಯಲಿಲ್ಲ. ಸ್ನೇಹಿತರೊಬ್ಬರು, ಪರಿಸರದ ಮೇಲೆ ಪ್ರೀತಿ ಇದ್ದರೆ ಮನೆಯಲ್ಲೇ ಇರಿ ಅನ್ನುತ್ತಾರೆ. ನಾವು ಹೋಗದಿದ್ದರೆ ಅಲ್ಲಿನವರ ಹೊಟ್ಟೆಪಾಡು ಏನಾಗಬೇಕು ಅನ್ನುವುದು ಹೆಂಡತಿಯ ವಾದ. ನಾವು ನೋಡಿರುವ ಜಾಗ ‘ಇಕೋ ರೆಸಾರ್ಟ್’ ಎಂದು ಬೋರ್ಡ್ ಹಾಕಿಕೊಂಡಿದೆ, ಈಜುಕೊಳವೂ ಇದೆ. ನಂಬಬಹುದೇ? ಡಿಸೆಂಬರಿನಲ್ಲಿ ಐದೂ ಜನ ವಿಮಾನದಲ್ಲಿ ದೆಹಲಿಗೆ ಹೋಗಿ, ಅಲ್ಲಿಂದ ಮನಾಲಿಗೆ ಹೋಗುವ ಯೋಚನೆಯೂ ಇದೆ. ಟಿಕೆಟ್ ಜೊತೆ ಸ್ವಲ್ಪ ದುಡ್ಡು ಕೊಟ್ಟರೆ ನಮ್ಮ ಹೆಸರಿನಲ್ಲಿ ಗಿಡ ನೆಡುತ್ತಾರಂತೆ. ಅಷ್ಟು ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ:

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನ್ನಿಸಿದ್ದು, ನೀವು ಎರಡು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆದುಕೊಂಡು ಗೊಂದಲಕ್ಕೆ ಬಿದ್ದಿದ್ದೀರಿ. ಪತ್ರ ಬರೆಯುವ ಬಹಳ ಜನ ಮಾಡುವುದೂ ಇದನ್ನೇ. ಒಂದು ಆಕಾಶದ ಲೆಕ್ಕ. ನೀವು ಸುಡುವ ಪೆಟ್ರೋಲು, ವಿಮಾನದ ಇಂಧನ, ಅದರ ಹೊಗೆ ಇದರಲ್ಲಿ ಬರುತ್ತವೆ. ಅದು ಸಕಲೇಶಪುರದಲ್ಲಿ ಸುಟ್ಟರೂ ಒಂದೇ, ಸ್ವೀಡನ್ನಿನಲ್ಲಿ ಸುಟ್ಟರೂ ಒಂದೇ. ಇನ್ನೊಂದು ಹಳ್ಳದ ಲೆಕ್ಕ. ನೀವು ಉಳಿದುಕೊಳ್ಳುವ ಜಾಗದ ನೀರು, ಕೊಳಚೆ, ಕಸ, ಗುಡ್ಡದ ಮಣ್ಣು ಇದಕ್ಕೆ ಸೇರಿದ್ದು. ಒಂದರಲ್ಲಿ ಉಳಿಸಿದ್ದನ್ನು ಇನ್ನೊಂದಕ್ಕೆ ಜಮಾ ಮಾಡಲು ಬರುವುದಿಲ್ಲ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಪರಿಸರ ಎಂಜಿನಿಯರ್. ಕೇಳಲು ಚೆನ್ನಾಗಿದೆ. ದಿನನಿತ್ಯ ಮಾಡುವುದು ಮಾತ್ರ ಮಲೆನಾಡಿನ ಹೋಮ್‌ಸ್ಟೇ, ರೆಸಾರ್ಟುಗಳಿಗೆ ಹೋಗಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆಸಿ ಒಳಗೆ ಇಣುಕುವುದು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ಹಾಗಾಗಿ ನನ್ನ ಮಾತು ಸ್ವಲ್ಪ ಬಚ್ಚಲ ಕಡೆಗೇ ವಾಲುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಆಕಾಶದ ಲೆಕ್ಕ ಸುಲಭ, ಅದನ್ನು ಮೊದಲು ಮುಗಿಸೋಣ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿ.ಮೀ. ನಿಮ್ಮ ಕಾರು ಲೀಟರಿಗೆ 15 ಕೊಟ್ಟರೆ ಹೋಗಲು 34 ಕೆಜಿ, ಬರಲು ಇನ್ನೊಂದು 34. ಐದು ಜನ ತುಂಬಿಕೊಂಡು ಹೋದರೆ ತಲೆಗೆ, ಒಂದು ದಿಕ್ಕಿಗೆ, ಏಳು ಕೆಜಿಯೂ ಪೂರ್ತಿ ಇಲ್ಲ. ತುಂಬಿದ ಬಸ್ಸಿನಲ್ಲಿ ಅದು ಮೂರು, ಮೂರೂವರೆಗೆ ಇಳಿಯುತ್ತದೆ. ರೈಲಿನಲ್ಲಿ ಇನ್ನೂ ಕಡಿಮೆ. ಎಲೆಕ್ಟ್ರಿಕ್ ಕಾರು ಸೊನ್ನೆ ಎಂದು ಕೆಲವರು ತಿಳಿದಿದ್ದಾರೆ, ಹಾಗಲ್ಲ. ನಮ್ಮ ದೇಶದ ಒಂದು ಯೂನಿಟ್ ಕರೆಂಟಿನ ಹಿಂದೆ ಸರಾಸರಿ 0.7 ಕೆಜಿ ಆಸುಪಾಸು ಹೊಗೆ ಇದೆ, ಕಲ್ಲಿದ್ದಲು ಇನ್ನೂ ಜಾಸ್ತಿ ಇರುವುದರಿಂದ. ಆ ಲೆಕ್ಕದಲ್ಲಿ ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಕಾರಿಗಿಂತ ಮೂರನೇ ಒಂದು ಭಾಗದಷ್ಟು ಉಳಿಸುತ್ತದೆ. ಒಳ್ಳೆಯದೇ, ಆದರೆ ತುಂಬಿದ ಬಸ್ಸನ್ನು ಸೋಲಿಸುವುದಿಲ್ಲ.

ಈಗ ಡಿಸೆಂಬರಿನ ಪ್ರವಾಸ. ಬೆಂಗಳೂರು–ದೆಹಲಿ ವಿಮಾನದಲ್ಲಿ ಒಬ್ಬರಿಗೆ, ಒಂದು ದಿಕ್ಕಿಗೆ, ಸುಮಾರು 120ರಿಂದ 150 ಕೆಜಿ. ಐದು ಜನ ಹೋಗಿಬರಲು 1,300 ಕೆಜಿ ಎಂದಿಟ್ಟುಕೊಳ್ಳಿ. ಅಡುಗೆ ಮನೆಯ ಭಾಷೆಯಲ್ಲಿ ಹೇಳುತ್ತೇನೆ. 14.2 ಕೆಜಿಯ ಒಂದು ಗ್ಯಾಸ್ ಸಿಲಿಂಡರ್ ಪೂರ್ತಿ ಉರಿಸಿದರೆ ಬರುವುದು ಸುಮಾರು 42 ಕೆಜಿ. ಅಂದರೆ ಒಂದು ದೆಹಲಿ ಟ್ರಿಪ್ಪು ಮೂವತ್ತು ಸಿಲಿಂಡರಿಗೆ ಸಮ. ನಿಮ್ಮಷ್ಟು ದೊಡ್ಡ ಮನೆಗೆ ಹತ್ತಿರ ಹತ್ತಿರ ಮೂರು ವರ್ಷದ ಅಡುಗೆ. ನೀವು ತಿಂಗಳಿಗೊಮ್ಮೆ, ವರ್ಷಪೂರ್ತಿ, ಕಾರಿನಲ್ಲೇ ಸಕಲೇಶಪುರಕ್ಕೆ ಹೋಗಿಬಂದರೂ ಇಷ್ಟಾಗುವುದಿಲ್ಲ.

ನೋಡಿ, ಇಲ್ಲಿ ನಿಮ್ಮ ಸಂಕಟ ತಲೆಕೆಳಗಾಗಿದೆ. ಸಕಲೇಶಪುರಕ್ಕೆ ಪಟ್ಟಷ್ಟು ಸಂಕಟವನ್ನು ಮನಾಲಿಗೆ ಪಟ್ಟಿಲ್ಲ. ತಪ್ಪು ನಿಮ್ಮದೊಂದೇ ಅಲ್ಲ. ‘ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು?’ ಎಂಬ ಮಾತನ್ನು 2004ರ ಹೊತ್ತಿಗೆ ಮನೆಮನೆಗೆ ತಲುಪಿಸಿದ್ದು ಬಿಪಿ ಎಂಬ ಎಣ್ಣೆ ಕಂಪನಿಯ ಜಾಹೀರಾತು. ಎಣ್ಣೆ ಮಾರುವವನು ಕೊಳ್ಳುವವನ ಕೈಗೆ ತಕ್ಕಡಿ ಕೊಟ್ಟು ಸುಮ್ಮನೆ ಪಕ್ಕಕ್ಕೆ ಸರಿದ. ಆದರೂ ತಕ್ಕಡಿ ಸುಳ್ಳಲ್ಲ. ಜಗತ್ತಿನ ಒಟ್ಟು ಹೊಗೆಯಲ್ಲಿ ಪ್ರವಾಸದ ಪಾಲು ಸುಮಾರು ಶೇ 8 ಎಂದು ಲೆಕ್ಕ ಹಾಕಿದ್ದಾರೆ. ಅದರಲ್ಲಿ ವಿಮಾನದ್ದು ದೊಡ್ಡ ತುಂಡು.

ಹಾಗಾದರೆ ಮಗಳು ಹೇಳಿದ್ದು ತಪ್ಪೇ? ಇಲ್ಲ. ಅವಳು ಹಳ್ಳದ ಲೆಕ್ಕ ಹೇಳಿದಳು, ನೀವು ಆಕಾಶದ ಲೆಕ್ಕದಲ್ಲಿ ಉತ್ತರ ಹುಡುಕಿದಿರಿ.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಹೋಮ್‌ಸ್ಟೇ ಕಥೆ ಶುರುವಾದದ್ದು ದುರಾಸೆಯಿಂದ ಅಲ್ಲ. 2000ದ ನಂತರ ಕೆಲವು ವರ್ಷ ಕಾಫಿ ಬೆಲೆ ನೆಲಕಚ್ಚಿತ್ತು. ಕೂಲಿ ಕೊಡಲೂ ಕಷ್ಟವಾದಾಗ ತುಂಬ ಬೆಳೆಗಾರರು ಮನೆಯ ಎರಡು ಕೋಣೆ ಬಿಟ್ಟುಕೊಟ್ಟರು. ಆ ಕಾಲದಲ್ಲಿ ಮನೆಯ ಸೆಪ್ಟಿಕ್ ಟ್ಯಾಂಕು ಆರೇಳು ಜನರಿಗೆ ಕಟ್ಟಿದ್ದು. ಈಗ ಅದೇ ಅಂಗಳದಲ್ಲಿ ಎಂಟು ಕಾಟೇಜು, ಹನ್ನೆರಡು ಟೆಂಟು. ಟ್ಯಾಂಕು ಮಾತ್ರ ಅದೇ. ಇದನ್ನು ನಾನು ಎಷ್ಟು ಕಡೆ ನೋಡಿದ್ದೇನೆ ಎಂದರೆ ಈಗ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗಿಬಿಡುತ್ತದೆ.

ಸೆಪ್ಟಿಕ್ ಟ್ಯಾಂಕ್ ಕೊಳಚೆಯನ್ನು ಶುದ್ಧ ಮಾಡುತ್ತದೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಅದು ಗಟ್ಟಿ ಅಂಶವನ್ನು ಕೆಳಗೆ ಕೂರಿಸುತ್ತದೆ, ಅಷ್ಟೇ. ಮೇಲಿನ ನೀರು ಇನ್ನೂ ಕೊಳಚೆಯೇ. ಅದನ್ನು ಇಂಗುಗುಂಡಿಗೆ ಬಿಡುತ್ತಾರೆ, ಉಳಿದ ಕೆಲಸ ಮಣ್ಣು ಮಾಡಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ದರೆ ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಬಯಲುಸೀಮೆಯಲ್ಲಿ ಇದು ಹೇಗೋ ನಡೆಯುತ್ತದೆ. ಮಲೆನಾಡಿನಲ್ಲಿ ಜುಲೈ, ಆಗಸ್ಟಿಗೆ ಮಣ್ಣು ನೀರು ಕುಡಿದು ಕುಡಿದು ಉಬ್ಬಿರುತ್ತದೆ. ಗಾಳಿಗೆ ಜಾಗವೇ ಇಲ್ಲ. ಇಂಗುಗುಂಡಿಗೆ ಹೊರಗಿನ ಒರತೆಯೇ ನುಗ್ಗುತ್ತದೆ. ಆಮೇಲೆ ಗುಂಡಿ ಮೇಲಿನಿಂದ ಉಕ್ಕಿ ಹಳ್ಳ ಸೇರುತ್ತದೆ. ನಿಮ್ಮ ಆಗಸ್ಟ್ 15ರ ರಜೆ ಬೀಳುವುದು ಸರಿಯಾಗಿ ಈ ಹೊತ್ತಿಗೆ.

ಕೆಲವು ವರ್ಷದ ಹಿಂದೆ ಒಂದು ಹೋಮ್‌ಸ್ಟೇಗೆ ಹೋಗಿದ್ದೆ. ಹೆಸರು ಬೇಡ. ಕೆಳಗೆ ಸಣ್ಣ ಹಳ್ಳ, ಮಕ್ಕಳು ಆಡುತ್ತಿದ್ದರು, ಅಪ್ಪಂದಿರು ಫೋಟೋ ತೆಗೆಯುತ್ತಿದ್ದರು. ನೂರು ಹೆಜ್ಜೆ ಮೇಲಕ್ಕೆ, ಕಾಫಿ ಗಿಡದ ಮರೆಯಲ್ಲಿ, ಇಂಗುಗುಂಡಿ ಉಕ್ಕಿ ಹರಿಯುತ್ತಿತ್ತು. ಹಳ್ಳದ ಕೆಳಗಿನ ತಿರುವಿನಲ್ಲಿ ತೋಟದ ಕೂಲಿಯವರ ಲೈನ್ ಮನೆಗಳು. ಅಲ್ಲಿನವರು ಪಾತ್ರೆ ತೊಳೆಯುವುದು ಅದೇ ನೀರಿನಲ್ಲಿ. ಪ್ರವಾಸಿಗಳು ಎರಡು ದಿನಕ್ಕೆ ಊರಿಗೆ ಹೋದರು. ಲೈನ್ ಮನೆಯವರು ಎಲ್ಲಿಗೆ ಹೋಗುತ್ತಾರೆ? ಮಾಲೀಕರು ಕೆಟ್ಟವರೇನಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಟ್ಯಾಂಕನ್ನು ಅಡ್ಡಗೋಡೆ ಹಾಕಿಸಿ ದೊಡ್ಡದು ಮಾಡಿಸಿದರು. ಅಡುಗೆಮನೆ, ಬಚ್ಚಲ ನೀರನ್ನು ಬೇರೆ ಮಾಡಿ ಜಲ್ಲಿ ತುಂಬಿದ ಪಾತಿಗೆ ಬಿಟ್ಟು ಬಾಳೆ, ಕಾಬಾಳೆ ಹಾಕಿದರು. ಟೆಂಟುಗಳನ್ನು ತೆಗೆದೇಬಿಟ್ಟರು. ಮುಂದಿನ ಮಳೆಗಾಲದಲ್ಲಿ ಹೋದಾಗ ಗುಂಡಿ ಉಕ್ಕಿರಲಿಲ್ಲ.

ನೀರಿನ ಪ್ರಮಾಣವೂ ಮುಖ್ಯ. ಗ್ರಾಮೀಣ ಮನೆಗಳಿಗೆ ಜಲ ಜೀವನ್ ಮಿಷನ್ ಇಟ್ಟುಕೊಂಡಿರುವ ಗುರಿ ತಲೆಗೆ ದಿನಕ್ಕೆ 55 ಲೀಟರ್. ಹೋಟೆಲ್ ಕಟ್ಟುವಾಗ ನಾವು ಎಂಜಿನಿಯರುಗಳು ಹಾಕುವ ಲೆಕ್ಕ ಒಂದು ಹಾಸಿಗೆಗೆ 180 ಲೀಟರ್, ಐಷಾರಾಮಿ ಹೋಟೆಲಾದರೆ 320. ಆಗಸ್ಟಿನಲ್ಲಿ ಇದು ಯಾರಿಗೂ ನೋಯುವುದಿಲ್ಲ. ಮಾರ್ಚಿನಿಂದ ಮೇವರೆಗೆ ನೋಯುತ್ತದೆ. ಆಗ ಹಳ್ಳ ಬತ್ತಿರುತ್ತದೆ, ಕಾಫಿ ಹೂ ಅರಳಿಸುವ ‘ಹೂ ಮಳೆ’ ಬಾರದಿದ್ದರೆ ತೋಟಕ್ಕೂ ಸ್ಪ್ರಿಂಕ್ಲರ್ ಹಾಕಬೇಕು, ಶಾಲೆಗಳಿಗೆ ಬೇಸಿಗೆ ರಜೆ ಎಂದು ಪ್ರವಾಸಿಗಳೂ ಬರುತ್ತಾರೆ. ಊರಿನವರು, ತೋಟದವರು, ಪ್ರವಾಸಿಗಳು, ಮೂವರೂ ಒಂದೇ ಬೋರ್‌ವೆಲ್ಲಿಗೆ ಬಾಯಿ ಹಾಕುತ್ತಾರೆ.

ನೀವು ಕೇಳಿದ ಈಜುಕೊಳಕ್ಕೆ ಬರುತ್ತೇನೆ. ಹತ್ತು ಮೀಟರ್ ಉದ್ದ, ಐದು ಅಗಲ, 1.2 ಆಳ ಇದ್ದರೆ 60 ಸಾವಿರ ಲೀಟರ್ ಹಿಡಿಯುತ್ತದೆ. ತಲೆಗೆ 55 ಲೀಟರಿನ ಲೆಕ್ಕದಲ್ಲಿ ಐದು ಜನರ ಮನೆಗೆ ಏಳು ತಿಂಗಳ ನೀರು. ನ್ಯಾಯವಾಗಿ ಹೇಳಬೇಕು, ಅದನ್ನು ದಿನಾ ತುಂಬುವುದಿಲ್ಲ. ಶೋಧಿಸಿ ಅದೇ ನೀರನ್ನು ತಿರುಗಿಸುತ್ತಾರೆ, ಆವಿಯಾದಷ್ಟು ಸೇರಿಸುತ್ತಾರೆ. ಫಿಲ್ಟರ್ ತೊಳೆದ ಕ್ಲೋರಿನ್ ನೀರನ್ನು ಎಲ್ಲಿಗೆ ಬಿಡುತ್ತಾರೆ ಅನ್ನುವುದು ನನಗೆ ಹೆಚ್ಚು ಮುಖ್ಯ. ಹಳ್ಳಕ್ಕೆ ಬಿಟ್ಟರೆ ಮೀನು, ಕಪ್ಪೆಗೆ ವಿಷ.

‘ಇಕೋ’ ಬೋರ್ಡನ್ನು ನಂಬಬಹುದೇ ಎಂದರೆ, ಬೋರ್ಡನ್ನು ಬೋರ್ಡ್ ಎಂದಷ್ಟೇ ನಂಬಿ. ಪರಿಸರದ ಹೆಸರಿನಲ್ಲಿ ಬಣ್ಣ ಬಳಿಯುವುದಕ್ಕೆ ‘ಗ್ರೀನ್‌ವಾಶಿಂಗ್’ ಅನ್ನುತ್ತಾರಲ್ಲ, ಆ ಪದ ಹುಟ್ಟಿದ್ದೇ ಹೋಟೆಲಿನ ಕಥೆಯಿಂದ. ‘ಪರಿಸರ ಉಳಿಸಲು ಟವೆಲ್ ಮರುಬಳಸಿ’ ಎಂದು ಚೀಟಿ ಅಂಟಿಸಿ, ಪಕ್ಕದಲ್ಲೇ ಹೊಸ ಕಟ್ಟಡ ಕಟ್ಟುತ್ತಿದ್ದ ರೆಸಾರ್ಟ್ ಒಂದನ್ನು ಕಂಡಿದ್ದ ಅಮೆರಿಕದ ಜೇ ವೆಸ್ಟರ್‌ವೆಲ್ಡ್, 1986ರಲ್ಲಿ ಆ ಪದ ಬಳಸಿದರು. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಇಂಥ ಜಾಹೀರಾತುಗಳಿಗೆ ಮಾರ್ಗಸೂಚಿ ತಂದಿದೆ. ‘ಇಕೋ’, ‘ಗ್ರೀನ್’ ಎಂದು ಹೇಳಿಕೊಂಡರೆ ಆಧಾರ ಕೊಡಬೇಕು. ಹಾಗಾಗಿ ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ.

ಏನು ಕೇಳಬೇಕು? ಬುಕ್ ಮಾಡುವ ಮೊದಲು ಫೋನ್ ಮಾಡಿ, ‘ನಿಮ್ಮಲ್ಲಿ ಬಚ್ಚಲ, ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವ ರೀತಿಯೇ ಎಷ್ಟೋ ಹೇಳುತ್ತದೆ. ಯೋಚಿಸಿದವರು ತಕ್ಷಣ ಹೇಳುತ್ತಾರೆ: ಟ್ಯಾಂಕು ಇಷ್ಟು ದೊಡ್ಡದು, ಇಂಥ ವರ್ಷ ಖಾಲಿ ಮಾಡಿಸಿದ್ದು, ಬಾವಿಗಿಂತ ಕೆಳಗಿದೆ. ಯೋಚಿಸದವರು, ‘ಅದೆಲ್ಲ ಸರಿಯಾಗಿದೆ ಸರ್, ನೀವು ಬನ್ನಿ’ ಎನ್ನುತ್ತಾರೆ. ದೊಡ್ಡ ರೆಸಾರ್ಟಾದರೆ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಇದೆ ಎನ್ನಬಹುದು. ಇದ್ದರೆ ಸಾಲದು, ಓಡುತ್ತಿರಬೇಕು. ಎಸ್‌ಟಿಪಿಯ ಜೀವ ಇರುವುದು ಗಾಳಿ ಊದುವ ಬ್ಲೋವರಿನಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಜನರೇಟರ್ ಅತಿಥಿಗಳ ಗೀಸರಿಗೆ ಓಡುತ್ತದೆ, ಬ್ಲೋವರಿಗೆ ಓಡುವುದಿಲ್ಲ. ಬಿಲ್ಲು ಉಳಿಯಲಿ ಎಂದು ಬೇಕೆಂದೇ ನಿಲ್ಲಿಸಿ, ತಪಾಸಣೆಯ ದಿನ ಮಾತ್ರ ಓಡಿಸಿದ್ದನ್ನೂ ಕಂಡಿದ್ದೇನೆ. ಗಾಳಿ ನಿಂತರೆ ಒಳಗಿನ ಜೀವಿಗಳು ಸಾಯುತ್ತವೆ, ಮತ್ತೆ ಬೆಳೆಯಲು ವಾರಗಳು ಬೇಕು. ಆದ್ದರಿಂದ ಹೋಮ್‌ಸ್ಟೇ ಒಳ್ಳೆಯದು, ರೆಸಾರ್ಟ್ ಕೆಟ್ಟದ್ದು ಎಂಬ ಮಾತಿಗೆ ಅರ್ಥವಿಲ್ಲ. ನಾಲ್ಕು ಕೋಣೆಯ, ಮಾಲೀಕರು ಅಲ್ಲೇ ಇರುವ, ಅದೇ ಬಾವಿ ನೀರು ಕುಡಿಯುವ ಮನೆ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಅವರ ಬಾಯಿಗೂ ಅದೇ ನೀರು ಹೋಗುತ್ತದಲ್ಲ.

ಇನ್ನೊಂದನ್ನು ಕಣ್ಣಲ್ಲೇ ನೋಡಿ ತಿಳಿಯಬಹುದು: ಧರೆ, ಅಂದರೆ ಗುಡ್ಡ ಕಡಿದಾಗ ಗೋಡೆಯಂತೆ ನಿಲ್ಲುವ ಮಣ್ಣು. ರಸ್ತೆಗೆ, ಪಾರ್ಕಿಂಗಿಗೆ, ‘ವ್ಯೂ ಪಾಯಿಂಟ್’ ಕಾಟೇಜಿಗೆ ಜೆಸಿಬಿ ಹಚ್ಚಿ ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿರುತ್ತಾರೆ. ಇಳಿಜಾರು ನಿಂತಿರುವುದೇ ಬುಡದ ಆಧಾರದಲ್ಲಿ. ಅದನ್ನು ತೆಗೆದು, ಮೇಲಿನ ನೀರು ಹರಿದು ಹೋಗುವ ದಾರಿ ಮುಚ್ಚಿದರೆ, ಮಣ್ಣು ನೀರು ಕುಡಿದು ಭಾರವಾಗಿ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಶಿರೂರಿನಲ್ಲಿ, ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ ಏನಾಯಿತೆಂದು ನೀವು ಟಿವಿಯಲ್ಲಿ ನೋಡಿದ್ದೀರಿ. ಮೂರೂ ಕಡೆ ಜೋರು ಮಳೆ ಇತ್ತು. ಎಲ್ಲ ಕಡೆ ಕಾರಣ ಒಂದೇ ಅಲ್ಲ. ಆದರೆ ಕೊಡಗು, ಶಿರೂರು ಎರಡರಲ್ಲೂ ಗುಡ್ಡ ಕಡಿದದ್ದರ ಮಾತು ಬಂದೇ ಬಂತು. ವಯಸ್ಸಾದವರನ್ನೂ ಮಗುವನ್ನೂ ಕರೆದುಕೊಂಡು ಹೋಗುವ ನಿಮಗೆ ಇದು ಪರಿಸರದ ಪ್ರಶ್ನೆಗಿಂತ ಮೊದಲು ಜೀವದ ಪ್ರಶ್ನೆ. ಹೊಸದಾಗಿ ಕಡಿದ ಕೆಂಪು ಧರೆಯ ಕೆಳಗೆ ಮಳೆಗಾಲದಲ್ಲಿ ಮಲಗಬೇಡಿ. ಎಷ್ಟೇ ಚೆಂದದ ಕಾಟೇಜಿದ್ದರೂ.

ಕಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ಒಂದೇ ಮಾತು. ನೀರಿನ ಬಾಟಲಿಯನ್ನು ಗುಜರಿಯವರು ಆರಿಸುತ್ತಾರೆ, ಅದಕ್ಕೆ ಬೆಲೆ ಇದೆ. ಚಿಪ್ಸ್ ಪ್ಯಾಕೆಟ್ಟು, ಸ್ಯಾಶೆಗಳಿಗೆ ಯಾರೂ ಕೈ ಹಾಕುವುದಿಲ್ಲ. ಪದರ ಪದರವಾಗಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಬಿಡಿಸಲು ಲಾಭವಿಲ್ಲ. ಸಣ್ಣ ಪಂಚಾಯಿತಿಯ ಹಿತ್ತಿಲಲ್ಲಿ ಅದು ಸುಟ್ಟುಹೋಗುತ್ತದೆ. ನಿಮ್ಮ ಪ್ಯಾಕೆಟ್ಟುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಬೆಂಗಳೂರಿಗೆ ವಾಪಸ್ ತನ್ನಿ. ಇಲ್ಲಿನ ವ್ಯವಸ್ಥೆಯೂ ಅಷ್ಟಕ್ಕಷ್ಟೇ, ಆದರೂ ಅಲ್ಲಿಗಿಂತ ಮೇಲು.

ಗಿಡ ನೆಡುವ ದುಡ್ಡಿನ ವಿಷಯ. ಬೇಕಾದರೆ ಕೊಡಿ, ಆದರೆ ಅದನ್ನು ರಸೀದಿ ಎಂದುಕೊಳ್ಳಬೇಡಿ. ವಿಮಾನದ ಹೊಗೆ ಇವತ್ತೇ ಆಕಾಶ ಸೇರುತ್ತದೆ, ಶತಮಾನಗಳ ಕಾಲ ಅಲ್ಲೇ ಇರುತ್ತದೆ. ಗಿಡ ಬದುಕಿದರೆ, ದನ ಮೇಯದಿದ್ದರೆ, ಬೆಂಕಿ ಬೀಳದಿದ್ದರೆ, ಮುಂದೆ ಹತ್ತಿಪ್ಪತ್ತು ವರ್ಷದಲ್ಲಿ ಒಂದಷ್ಟು ಹೀರಬಹುದು. ಎಲ್ಲಿ ನೆಡುತ್ತಾರೆ ಎಂಬುದೂ ಕೇಳಬೇಕಾದ ಮಾತು. ಘಟ್ಟದ ನೆತ್ತಿಯ ಹುಲ್ಲುಗಾವಲನ್ನು ನೋಡಿ ‘ಖಾಲಿ ಜಾಗ’ ಎಂದು ಗಿಡ ನೆಡುವವರಿದ್ದಾರೆ. ಆ ಹುಲ್ಲು, ಅದರ ಸಂದಿನ ಕಣಿವೆಯ ಗಿಡ್ಡ ಮರಗಳ ಶೋಲಾ ಕಾಡು ಸೇರಿಯೇ ಮಳೆನೀರನ್ನು ಹಿಡಿದು ನಿಧಾನವಾಗಿ ಹಳ್ಳಕ್ಕೆ ಬಿಡುವುದು. ಅಲ್ಲಿ ಅಕೇಶಿಯಾ ನೆಟ್ಟರೆ ಉಪಕಾರ ಅಲ್ಲ.

ಈಗ ಆಯ್ಕೆಗಳು. ನಿಮ್ಮ ಸ್ನೇಹಿತರು ಹೇಳಿದಂತೆ ಮನೆಯಲ್ಲೇ ಇರುವುದು ಒಂದು. ಆಕಾಶಕ್ಕೆ ಸ್ವಲ್ಪ ಲಾಭ. ಹಳ್ಳಕ್ಕೆ ಲಾಭವೇನೂ ಖಚಿತವಿಲ್ಲ, ನಿಮ್ಮ ಕೋಣೆ ಇನ್ನೊಬ್ಬರಿಗೆ ಹೋಗುತ್ತದೆ. ಕೇಳಿ ನೋಡಿ ಹೋಗುವ ಗಿರಾಕಿ ಕಡಿಮೆಯಾಗಿ, ಕೇಳದೆ ಹೋಗುವವರೇ ಉಳಿದರೆ ಮಾಲೀಕರು ಯಾಕೆ ಬದಲಾಗಬೇಕು? ನಿಮ್ಮ ಹೆಂಡತಿಯವರ ಮಾತಿನಲ್ಲಿ ಸತ್ಯವಿದೆ. ಆದರೆ ಅವರೂ ಒಂದು ಕೇಳಿಕೊಳ್ಳಬೇಕು, ಆ ದುಡ್ಡು ಯಾರ ಕೈಗೆ ಹೋಗುತ್ತದೆ ಎಂದು. ಮಾಲೀಕರು ಬೆಂಗಳೂರಿನಲ್ಲಿ, ಅಡುಗೆಯವರು ಹೊರ ರಾಜ್ಯದವರು, ತರಕಾರಿ ಹಾಸನದ ಮಂಡಿಯದು ಆದರೆ ಊರಿಗೆ ಉಳಿಯುವುದು ಕೊಳಚೆ ಮಾತ್ರ.

ಎರಡನೆಯದು, ಆಗಸ್ಟ್ 15ಕ್ಕೇ ಹೋಗುವುದು. ಬೇಡ ಎನ್ನುತ್ತೇನೆ. ಮಳೆಯದು ಒಂದು ಕಾರಣ, ಜನದ್ದು ಇನ್ನೊಂದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಒಟ್ಟಿಗೆ ಸಾವಿರಾರು ಜನ ಹತ್ತಿದ ವಿಡಿಯೊ ನಿಮ್ಮ ಫೋನಿಗೂ ಬಂದಿರಬೇಕು. ಅದಾದ ಮೇಲೆಯೇ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿದ್ದು. ಊಟಿ, ಕೊಡೈಕನಾಲಿಗೆ 2024ರ ಮೇ ತಿಂಗಳಿಂದ ಇ–ಪಾಸ್ ಬೇಕು, ಮದ್ರಾಸ್ ಹೈಕೋರ್ಟ್ ಆದೇಶದಂತೆ. ಇಂಥ ಮಿತಿಗಳಿಗೆ ಜನ ಗೊಣಗುತ್ತಾರೆ. ಟ್ಯಾಂಕಿನ ಮುಚ್ಚಳ ತೆಗೆಯುವ ನನಗೆ ಅವು ಸಮಾಧಾನ. ಒಂದು ಸೆಪ್ಟಿಕ್ ಟ್ಯಾಂಕು ವಾರಕ್ಕೆ ಎಪ್ಪತ್ತು ಜನರನ್ನು ದಿನಕ್ಕೆ ಹತ್ತರಂತೆ ತಡೆದುಕೊಳ್ಳುತ್ತದೆ. ಅದೇ ಎಪ್ಪತ್ತು ಜನ ಶನಿವಾರ, ಭಾನುವಾರ ಬಂದರೆ ಕೂರಬೇಕಾದ ಕೊಳೆಯೂ ಕದಡಿ ಹೊರಗೆ ಹೋಗುತ್ತದೆ.

ಮೂರನೆಯದು ನಾನು ನಿಮ್ಮ ಜಾಗದಲ್ಲಿದ್ದರೆ ಮಾಡುವುದು. ಪ್ರವಾಸವನ್ನು ದಸರಾ ರಜೆಗೆ ತಳ್ಳಿ, ಹಬ್ಬದ ವಾರಾಂತ್ಯ ಬಿಟ್ಟು, ವಾರದ ನಡುವೆ ನಾಲ್ಕೈದು ದಿನ ಒಂದೇ ಕಡೆ ಇರಿ. ಮಳೆಯ ಅಬ್ಬರ ಇಳಿದಿರುತ್ತದೆ, ಹಳ್ಳದಲ್ಲಿ ನೀರು ತುಂಬ ಇರುತ್ತದೆ, ಮಣ್ಣು ಮತ್ತೆ ಉಸಿರಾಡಲು ಶುರುಮಾಡಿರುತ್ತದೆ. ಉಂಬಳದ (ಜಿಗಣೆಯ) ಕಾಟವೂ ಕಡಿಮೆ, ನಿಮ್ಮ ತಾಯಿಯವರಿಗೆ ಅನುಕೂಲ. ತೊಂದರೆ ಇಲ್ಲದಿಲ್ಲ. ಹಿಂಗಾರು ಒಮ್ಮೊಮ್ಮೆ ಜೋರಾಗುತ್ತದೆ, ಹವಾಮಾನ ಎಚ್ಚರಿಕೆ ಇದ್ದರೆ ಬುಕಿಂಗ್ ದುಡ್ಡು ಹೋದರೂ ಹೋಗಲಿ ಎಂದು ಬಿಡಬೇಕು. ಸಕಲೇಶಪುರ ಸುತ್ತ ಆನೆಗಳ ಓಡಾಟ ಜಾಸ್ತಿ, ಸಂಜೆ ಮೇಲೆ ತೋಟದ ರಸ್ತೆಯಲ್ಲಿ ನಡೆಯಬಾರದು. ಮಾಲೀಕರು ಬೇಡ ಎಂದರೆ ಬೇಡ.

ಮನಾಲಿಯನ್ನು ಬಿಟ್ಟೇಬಿಡಿ ಎಂದು ಹೇಳಲು ನಾನು ಯಾರು? ಅಪ್ಪ, ಅಮ್ಮನಿಗೆ ಹಿಮ ತೋರಿಸುವ ಆಸೆ ಸಣ್ಣದಲ್ಲ. ಹೋಗುವುದಾದರೆ ಒಮ್ಮೆ ಹೋಗಿ, ನಾಲ್ಕು ದಿನದ ಬದಲು ಹನ್ನೆರಡು ದಿನ ಇರಿ, ನೇರ ವಿಮಾನ ಹಿಡಿಯಿರಿ. ನಡುವೆ ಇಳಿದು ಮತ್ತೆ ಮೇಲೇರಿದರೆ ಇಂಧನ ಇನ್ನೂ ಜಾಸ್ತಿ ಸುಡುತ್ತದೆ. ಒಂದು ದಿಕ್ಕಿಗಾದರೂ ರೈಲು ಆದೀತೇ ನೋಡಿ. ದೆಹಲಿಗೆ ಒಂದೂವರೆ ದಿನ, ವಯಸ್ಸಾದವರಿಗೆ ಸುಲಭವಲ್ಲ, ಅದನ್ನು ನೀವೇ ತೂಗಬೇಕು. ಆಮೇಲೆ ಒಂದೆರಡು ವರ್ಷ ವಿಮಾನದ ತಂಟೆ ಬೇಡ.

ಸಕಲೇಶಪುರಕ್ಕೆ ಮಾತ್ರ ರೈಲು ಸಲೀಸು. ಬೆಂಗಳೂರಿನಿಂದ ಮಂಗಳೂರಿನ ಕಡೆಗೆ ಬೆಳಿಗ್ಗೆ ಹೊರಡುವ ರೈಲು ಹಿಡಿಯಿರಿ, ಯಾವ ದಿನ ಯಾವುದು ಎಂದು ಮೊದಲೇ ನೋಡಿಕೊಳ್ಳಿ. ರಾತ್ರಿ ರೈಲಾದರೆ ಸರಿರಾತ್ರಿಯಲ್ಲಿ ಇಳಿಯಬೇಕಾಗುತ್ತದೆ, ದೊಡ್ಡವರಿಗೆ ಕಷ್ಟ. ಸ್ಟೇಷನ್ನಿಗೆ ಜೀಪು ಕಳಿಸಿ ಎಂದರೆ ಹೋಮ್‌ಸ್ಟೇಯವರು ಸಾಮಾನ್ಯವಾಗಿ ಕಳಿಸುತ್ತಾರೆ. ಆ ಬಾಡಿಗೆ ಊರಿನವರಿಗೇ ಸೇರುತ್ತದೆ.

ಅಲ್ಲಿದ್ದಾಗ ಒಂದು ದಿನ ಮಗಳನ್ನು ರೈಲಿನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಕರೆದುಕೊಂಡು ಹೋಗಿ. ಸುಮಾರು 55 ಕಿ.ಮೀ. ಘಟ್ಟ ಇಳಿಯುವ ದಾರಿ. ಹಳಿಯ ಮೇಲೆ ನಡೆದು ನೋಡುವ ಚಪಲ ಕೆಲವರಿಗೆ ಇದೆ, ಅದು ಅಪಾಯ, ನಿಷೇಧವೂ ಇದೆ. ಕಿಟಕಿಯೇ ಸಾಕು. ಮಳೆ ಮುಗಿದ ಹೊಸದರಲ್ಲಿ ಎಲ್ಲ ಹಳ್ಳಗಳೂ ಒಟ್ಟಿಗೆ ಕೆಳಗೆ ಓಡುತ್ತಿರುತ್ತವೆ. ಆ ದಾರಿಯಲ್ಲಿ 57 ಸುರಂಗಗಳಿವೆ. ಎಣಿಸಲು ಅವಳಿಗೇ ಬಿಡಿ, ನನ್ನ ಲೆಕ್ಕ ಯಾವತ್ತೂ ನಲವತ್ತರ ಆಸುಪಾಸಿನಲ್ಲಿ ತಪ್ಪಿಹೋಗುತ್ತದೆ.